ನೀರಿಗೆ ಹೇಳಿದ ಹೆಸರು

"ಇದು ನನ್ನ ಮಗನ ತೇದಿ ಅಲ್ಲ," ಅಂದರು ಜಲಜಮ್ಮ.

ಅಡುಗೆಮನೆಯ ಮೇಜಿನ ಮೇಲೆ ಅಂಗೈಯಗಲದ ಒಂದು ಒರಟು ಕಾಗದ ಬಿದ್ದಿತ್ತು. ಮರದ ತೊಗಟೆ ಕುಟ್ಟಿ ಮಾಡಿದ್ದು. ಮೂಸಿದರೆ ಹೊಗೆಯ ವಾಸನೆ. ಅದರ ಮೇಲೆ ಕಪ್ಪು ಮಸಿಯಲ್ಲಿ ಒಂದು ಮುಖ. ನಗುತ್ತಿದೆ ಅಂದರೆ ನಗುತ್ತಿದೆ, ನೋವಿಗೆ ಬಾಯಿ ತೆರೆದಿದೆ ಅಂದರೆ ಅದೂ ಹೌದು. ಮುಖದ ಪಕ್ಕದಲ್ಲಿ ಚುಕ್ಕಿ, ಗೆರೆ. ಕೆಳಗೆ ಇಂಗ್ಲಿಷಿನಲ್ಲಿ ಅಶ್ವಿನ್ ಎಂಬ ಹೆಸರು, ಅದರ ಮುಂದೆ ೧ ಜೂನ್ ೧೯೮೯.

ಅಶ್ವಿನ್ ಕಾಣೆಯಾಗಿ ಅಂದಿಗೆ ನಲವತ್ತೊಂದು ದಿನ.

ಕೆಳಗಿನ ಮನೆಯ ಸುಮೈರಾ ಕಾಗದವನ್ನು ಮುಟ್ಟಲಿಲ್ಲ. ಮೊದಲು ಲಕೋಟೆಯನ್ನು ತಿರುಗಿಸಿ ನೋಡಿದಳು. ಮೆಕ್ಸಿಕೋದ ಅಂಚೆಚೀಟಿ. ವಿಳಾಸ ಇದೇ ಮನೆಯದು, ಹ್ಯಾಂಬರ್ಗಿನ ಫಿಂಕೆನ್‌ವೆರ್ಡರ್. ಹೆಸರು ಮಾತ್ರ ಅಶ್ವಿನನದಲ್ಲ, ಅವನ ಹೆಂಡತಿ ಸಿಂಚನಾಳದೂ ಅಲ್ಲ. ಜಲಜಮ್ಮ ಎಂದಿತ್ತು.

ಫೆಬ್ರವರಿಯಲ್ಲಿ ಅಶ್ವಿನ್, ಸಿಂಚನಾ, ಅಶ್ವಿನನ ಆಫೀಸಿನ ಗೆಳೆಯ ಮಹೇಶಕುಮಾರ, ಈ ಮೂವರು ಹತ್ತು ದಿನದ ರಜೆಗೆ ಮೆಕ್ಸಿಕೋಗೆ ಹೋಗಿದ್ದರು. ಮಗನನ್ನು ನೋಡಲು ಮಧುಗಿರಿ ಕಡೆಯಿಂದ ಬಂದಿದ್ದ ಜಲಜಮ್ಮನನ್ನು ಸುಮೈರಾಳ ಸುಪರ್ದಿಗೆ ಬಿಟ್ಟಿದ್ದರು. ಅಲ್ಲಿ ಒಂದು ದಿನ ಗೈಡಿನ ಜೊತೆ ಪ್ರವಾಸ. ಬೆಳಿಗ್ಗೆ ಎರಡು ನೀರಿನ ಗುಂಡಿಗಳಲ್ಲಿ ಈಜು, ಎರಡನೆಯದು ನೆಲದಡಿಯ ಗುಹೆಯಲ್ಲಿ; ಮಧ್ಯಾಹ್ನ ಮಾಯಾ ಜನರ ಹಾಳು ಪಟ್ಟಣ. ಸಂಜೆ ವ್ಯಾನು ಹೊರಡುವಾಗ ಅಶ್ವಿನ್ ಇರಲಿಲ್ಲ. ಹಾಳು ಪಟ್ಟಣದ ಹಿಂದಿನ ಕಾಡಿನಲ್ಲಿ ದಾರಿ ತಪ್ಪಿದ್ದಾನೆ ಎಂದು ಅಂದಿನಿಂದ ಅಲ್ಲಿಯ ಪೊಲೀಸರು ಕಾಡು ಜಾಲಾಡುತ್ತಿದ್ದರು. ನಾಳೆ ಶುಕ್ರವಾರ ಹುಡುಕಾಟ ನಿಲ್ಲಿಸುತ್ತೇವೆ ಎಂದು ಹ್ಯಾಂಬರ್ಗಿನ ಭಾರತೀಯ ಕಾನ್ಸುಲೇಟಿಗೆ ಬರೆದಿದ್ದರು.

"ತೇದಿ ಹೇಗೆ ಅಲ್ಲ, ಜಲಜಮ್ಮ? ಪಾಸ್‌ಪೋರ್ಟಿನಲ್ಲಿ ಇದೇ ಇದೆ. ನಾನೇ ನೋಡಿದೀನಿ."

"ಪಾಸ್‌ಪೋರ್ಟಿನ ತೇದಿ ಹೆತ್ತೋಳು ನಾನಲ್ಲ ಕಣಮ್ಮ. ಅದು ಹೆಡ್‌ಮಾಸ್ಟ್ರು ಹೆತ್ತಿದ್ದು."

ಆಮೇಲೆ ಜಲಜಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಅಶ್ವಿನ್ ಹುಟ್ಟಿದ್ದು ನಾಗರಪಂಚಮಿಯ ದಿನ, ಹುತ್ತಕ್ಕೆ ಹಾಲೆರೆದು ಬಂದು ತಂಬಿಟ್ಟಿನ ತಟ್ಟೆ ಕೆಳಗಿಡುವ ಹೊತ್ತಿಗೆ. ಶಾಲೆಗೆ ಸೇರಿಸಲು ಹೋದಾಗ ಎರಡು ತಿಂಗಳು ವಯಸ್ಸು ಸಾಲದು ಅಂದರು. ಒಂದು ವರ್ಷ ಯಾಕೆ ಹಾಳು ಮಾಡ್ತೀಯ ಎಂದು ಹೆಡ್‌ಮಾಸ್ಟರು ತಾವೇ ಜೂನ್ ಒಂದು ಎಂದು ಬರೆದುಕೊಂಡರು. ಆ ತರಗತಿಯಲ್ಲಿ ಜೂನ್ ಒಂದರಂದು ಹುಟ್ಟಿದ ಮಕ್ಕಳು ಹನ್ನೊಂದು ಜನ ಇದ್ದರಂತೆ.

ಸುಮೈರಾಗೆ ನಗು ಬರಬೇಕಿತ್ತು. ಅವಳ ಸ್ವಂತ ಹುಟ್ಟುಹಬ್ಬವೂ ಜೂನ್ ಒಂದೇ. ಶಿರಾದ ಉರ್ದು ಶಾಲೆಯ ಕೃಪೆ. ಆದರೆ ನಗು ಬರಲಿಲ್ಲ.

ಅವಳ ಕೆಲಸ ವಿಮಾನದ ಬಿಡಿಭಾಗಗಳ ಕಾಗದಪತ್ರ ನೋಡುವುದು. ಕಿರುಬೆರಳಿನಷ್ಟು ಮೊಳೆಗೂ ಅಲ್ಲಿ ಒಂದು ಜನ್ಮಪತ್ರ ಇರುತ್ತದೆ; ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ಯಾವ ದಿನ. ಇಪ್ಪತ್ತು ವರ್ಷದಲ್ಲಿ ಅವಳು ಕಂಡುಕೊಂಡದ್ದು ಇಷ್ಟು: ಮೊಳೆ ಸುಳ್ಳು ಹೇಳುವುದಿಲ್ಲ. ಮೊಳೆಯನ್ನು ನೋಡದೆ ಪತ್ರ ತುಂಬಿದವನು ಹೇಳುತ್ತಾನೆ.

"ಈ ಮುಖ ಅವನೇ ಬರೆಸಿದ್ದು ಅಂತ ಪೊಲೀಸರು ಹೇಳ್ತಾರೆ," ಎಂದಳು. "ಪಟ್ಟಣದ ಬಾಗಿಲಲ್ಲಿ ಒಬ್ಬ ಕಲಾವಿದ ಕೂತಿರ್ತಾನೆ. ಹೆಸರು, ಹುಟ್ಟಿದ ದಿನ ಕೊಟ್ಟರೆ ಮಾಯಾ ಪಂಚಾಂಗದಲ್ಲಿ ಆ ದಿನದ ಚಿತ್ರ ಬರೆದು ಕೊಡ್ತಾನೆ. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅಶ್ವಿನ್ ಹೆಸರಲ್ಲಿ ಚೀಟಿ ಬರೆಸಿದ್ದಾರೆ. ಅವನು ಅಷ್ಟೊತ್ತಿಗೆ ಬದುಕಿದ್ದ, ಪಟ್ಟಣಕ್ಕೆ ಬಂದಿದ್ದ ಅನ್ನೋದಕ್ಕೆ ಅದೇ ಸಾಕ್ಷಿ."

ಕಾಗದದ ಬೆನ್ನಿಗೆ ಅದೇ ಗಂಟೆಯ ಮುದ್ರೆ ನೇರಳೆ ಮಸಿಯಲ್ಲಿ ಒತ್ತಿತ್ತು.

ಜಲಜಮ್ಮ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಅವರ ಮುಂದೆ ಒಂದು ಸ್ಟೀಲಿನ ತಟ್ಟೆ ಬೋರಲಾಗಿತ್ತು. ಮಗನ ತಟ್ಟೆ. ನಲವತ್ತೊಂದು ದಿನದಿಂದ ಅದನ್ನು ಊಟಕ್ಕೆ ಹಾಕಿಲ್ಲ, ಎತ್ತಿಟ್ಟೂ ಇಲ್ಲ. ಬದುಕಿದ್ದಾನೆ ಎಂದು ಅನ್ನ ಬಡಿಸಲಾರರು. ಇಲ್ಲ ಎಂದು ಎಡೆ ಇಡಲಾರರು. ಒಂದು ಮೂಳೆಯಾದರೂ ಸಿಗಲಿ, ಒಂದು ಸುದ್ದಿಯಾದರೂ ಬರಲಿ ಎಂಬುದಷ್ಟೇ ಅವರ ಹರಕೆ.

"ಕಾಣೆಯಾಗೋ ಹಿಂದಿನ ರಾತ್ರಿ ಫೋನ್ ಮಾಡಿದ್ದ," ಅಂದರು. "ಅಮ್ಮಾ, ನಾಳೆ ಇವರ ಪಂಚಾಂಗದಲ್ಲಿ ನನ್ನ ನಕ್ಷತ್ರ ಬರೆಸ್ತೀನಿ, ನಾನು ಹುಟ್ಟಿದ್ದು ಎಷ್ಟು ಗಂಟೆಗೆ ಅಂದ. ಗಂಟೆ ಕೇಳಿದವನು ದಿನ ತಪ್ಪು ಬರೆಸ್ತಾನಾ?"

ಬಚ್ಚಲಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಎರಡು ಸಲ ಪ್ಲಂಬರು ಬಂದು ಹೋಗಿದ್ದ. ಏನೂ ಕೆಟ್ಟಿಲ್ಲ ಎಂದಿದ್ದ.

ಹಾಗಾದರೆ ಎರಡು ಗಂಟೆ ನಲವತ್ತು ನಿಮಿಷಕ್ಕೆ ಆ ಅಂಗಡಿಯ ಮುಂದೆ ನಿಂತವನು ಅಶ್ವಿನನಲ್ಲ. ಅವನ ಪಾಸ್‌ಪೋರ್ಟು ಮಾತ್ರ ಗೊತ್ತಿದ್ದ ಯಾರೋ. ಸಿಂಚನಾ ಆ ತಪ್ಪು ಮಾಡುವವಳಲ್ಲ. ಜಾತಕ ಕೂಡಿಸಿ ಮದುವೆಯಾದವಳು, ಪ್ರತಿ ಪಂಚಮಿಗೂ ಗಂಡನಿಗೆ ಆರತಿ ಎತ್ತಿದವಳು. ಉಳಿದವನು ಒಬ್ಬ. ಪ್ರವಾಸವನ್ನು ಬುಕ್ ಮಾಡಿದವನು, ಮೂವರ ಪಾಸ್‌ಪೋರ್ಟಿನ ಪ್ರತಿಯನ್ನೂ ಫೋನಿನಲ್ಲಿ ಇಟ್ಟುಕೊಂಡವನು.

ಅಶ್ವಿನ್ ಪಟ್ಟಣಕ್ಕೇ ಬಂದಿರಲಿಲ್ಲ ಎಂದಾದರೆ, ಅವರು ಕಾಡಿನಲ್ಲಿ ಹುಡುಕುತ್ತಿರುವುದು ಯಾರನ್ನು? ಅವನು ಬೆಳಗಿನ ನೀರಿನಲ್ಲೇ ಇದ್ದಾನೆ.

ಸುಮೈರಾ ಅಲ್ಲಿಂದಲೇ ಕಾನ್ಸುಲೇಟಿಗೆ ಫೋನ್ ಮಾಡಿದಳು. ಅಲ್ಲಿಯವರು ಸಮಾಧಾನದಿಂದ ಕೇಳಿದರು. ಸಂಜೆ ನಾಲ್ಕರೊಳಗೆ ತಾಯಿಯ ಹೇಳಿಕೆ ಮತ್ತು ಆ ಕಾಗದ ಬಂದರೆ, ಗುಹೆಯ ನೀರಿಗೆ ಮುಳುಗುಗಾರರನ್ನು ಇಳಿಸಲು ಇಂದೇ ಬರೆಯುತ್ತೇವೆ ಎಂದರು. ಫೋಟೋ ಸಾಲದು, ಮುದ್ರೆ ಇರುವ ಮೂಲವೇ ಬೇಕು. ಮಹೇಶಕುಮಾರನೂ ಒಂದು ಮಾತು ಬರೆದು ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಜಲಜಮ್ಮ ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಂಡು, ಸುಮೈರಾ ಮಧ್ಯಾಹ್ನದ ಜೊಹರಿನ ನಮಾಜು ಮುಗಿಸಿದಳು. ಹೊರಡುವಾಗ ಜಲಜಮ್ಮ ಕಾಗದವನ್ನು ಕಣ್ಣಿಗೊತ್ತಿ ಕೊಟ್ಟರು. ಸೊಸೆ ತಮ್ಮ ವೀಸಾ ಮುಂದುವರಿಸಲು ಔಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಗೆ ಹೋಗಿದ್ದಾಳೆ, ಬಂದಮೇಲೆ ಏನು ಹೇಳಲಿ ಎಂದು ಕೇಳಿದರು. ಲಕೋಟೆ ಮೇಜಿನ ಮೇಲೇ ಇರಲಿ, ಕಂಡದ್ದನ್ನು ಹೇಳಿ ಎಂದಳು ಸುಮೈರಾ.

*

ಪೇಟೆಯ ಕಡೆ ಹೋಗುವ ಅರವತ್ತೆರಡನೇ ನಂಬರಿನ ದೋಣಿ ಫಿಂಕೆನ್‌ವೆರ್ಡರ್ ಬಿಟ್ಟಾಗ ಎರಡೂವರೆ. ಏಪ್ರಿಲ್ಲಿನ ಜಿನುಗು ಮಳೆ. ಪ್ರಯಾಣಿಕರೆಲ್ಲ ಕೆಳಗೆ ಗಾಜಿನೊಳಗೆ ಬೆಚ್ಚಗೆ ಕೂತಿದ್ದರು. ಮೇಲಿನ ಅಟ್ಟದಲ್ಲಿ ಮಹೇಶಕುಮಾರ ಒಬ್ಬನೇ, ಎರಡು ಲೋಟ ಕಾಫಿ ಹಿಡಿದು ಕಾಯುತ್ತಿದ್ದ. ಸುಮೈರಾ ಫೋನ್ ಮಾಡಿದಾಗ ಒಂದೂ ಪ್ರಶ್ನೆ ಕೇಳದೆ ಬಂದಿದ್ದ.

ಒಳ್ಳೆಯ ಹುಡುಗ ಎಂದೇ ಅವನಿಗೆ ಹೆಸರು. ಮೆಕ್ಸಿಕೋದಿಂದ ಮರಳಿದಾಗಿನಿಂದ ದಿನವೂ ಸಂಜೆ ಹಾಲು, ಸೊಪ್ಪು ಹಿಡಿದು ಜಲಜಮ್ಮನ ಮನೆಗೆ ಬಂದಿದ್ದ. ಸಿಂಚನಾ ಮಲಗಲು ಏಳುವವರೆಗೂ ಕೂತಿರುತ್ತಿದ್ದ. ಅವನು ಹೋಗುವ ತನಕ ಅವಳು ಬಾಯಿ ತೆರೆಯುತ್ತಿರಲಿಲ್ಲ. ದುಃಖ ಎಂದುಕೊಂಡಿದ್ದರು ಎಲ್ಲರೂ.

"ಆಂಟಿ ಹೇಗಿದಾರಕ್ಕ?" ಎಂದು ಕಾಫಿ ಚಾಚಿದ.

ಸುಮೈರಾ ಲೋಟ ಹಿಡಿದು ನದಿಯನ್ನು ನೋಡಿದಳು. ಎಲ್ಬೆ ಆ ದಿನ ಕೆನ್ನೀರಿನ ಬಣ್ಣಕ್ಕಿತ್ತು. ಅವಳ ಅಜ್ಜಿ ಹೇಳುತ್ತಿದ್ದಳು: ಹರಿಯುವ ನೀರು ಕಥೆಯನ್ನು ಹೊತ್ತುಕೊಂಡು ಹೋಗುತ್ತದೆ, ನಿಂತ ನೀರು ಇಟ್ಟುಕೊಂಡು ಕೂರುತ್ತದೆ. ಊರ ಕಲ್ಯಾಣಿಯಲ್ಲಿ ಮಗು ಬಿದ್ದು ಬೆದರಿದರೆ, ಎತ್ತಿ ತಂದಮೇಲೂ ತಾಯಿ ಮರಳಿ ಹೋಗಿ ಮೆಟ್ಟಿಲ ಮೇಲೆ ನಿಂತು ಮಗುವಿನ ಹೆಸರು ಕೂಗಿ 'ಬಾ, ಮನೆಗೆ ಹೋಗೋಣ' ಎಂದು ಕರೆಯುತ್ತಿದ್ದಳಂತೆ. ಮೈ ಬಂದಿದ್ದರೂ ಮಗುವಿನಲ್ಲಿ ಒಂದು ಪಾಲು ಅಲ್ಲೇ ಕೂತಿರುತ್ತದೆ ಎಂದು.

ಅದನ್ನೇ ಅಲ್ಲಿ ಆ ದೂರದ ದೇಶದ ಗೈಡೂ ಹೇಳಿದ್ದ. ಪ್ರವಾಸದಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ ಒಂದನ್ನು ಸುಮೈರಾ ಎಷ್ಟು ಸಲ ನೋಡಿದ್ದಳೋ. ಎಂಬತ್ತು ಮೆಟ್ಟಿಲು ಕೆಳಗೆ ಗುಹೆ. ಚಾವಣಿಯಿಂದ ಮರದ ಬೇರುಗಳು ಬಿಚ್ಚಿದ ಜಡೆಯಂತೆ ನೀರಿಗೆ ಇಳಿಬಿದ್ದಿವೆ. ಮೇಲಿನ ಒಂದೇ ಕಿಂಡಿಯಿಂದ ಬೆಳಕಿನ ಕೋಲು. ಮುದುಕ ಗೈಡು ಧೂಪದ ಹೊಗೆ ಹಿಡಿದು, ತನ್ನ ಮನೆತನದ ಪದ್ಧತಿ ಇದು ಎನ್ನುತ್ತಾನೆ. ಇಳಿಯುವಾಗ ನೀರಿಗೆ ನಿಮ್ಮ ಹೆಸರು ಹೇಳಿ. ಹೋಗುವಾಗ ಕೊನೆಯ ಮೆಟ್ಟಿಲ ಮೇಲೆ ಬಗ್ಗಿ, ನೀರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಮತ್ತೊಮ್ಮೆ ಹೇಳಿ. ಹೇಳದೆ ಹೋದರೆ ನಿಮ್ಮದು ಏನೋ ಇಲ್ಲಿ ಉಳಿಯುತ್ತದೆ.

ಎಲ್ಲರೂ ನಗುತ್ತ ಹೇಳುತ್ತಾರೆ. ಅಶ್ವಿನ್ ಮಾತ್ರ ಕೈಮುಗಿಯುತ್ತಾನೆ. "ನಾನು ಅಶ್ವಿನ್, ಜಲಜಮ್ಮನ ಮಗ." ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

"ಮಹೇಶ, ಅಶ್ವಿನ್ ಹುಟ್ಟಿದಹಬ್ಬ ಯಾವತ್ತು?"

"ಜೂನ್ ಒಂದು. ಆಫೀಸಲ್ಲಿ ಪ್ರತಿ ವರ್ಷ ಕೇಕ್ ತರ್ತೀವಲ್ಲ, ಅವನು ಕಟ್ ಮಾಡಲ್ಲ, ಸರ್ಕಾರದ ಬರ್ತ್‌ಡೇ ಅಂತ ತಮಾಷೆ ಮಾಡ್ತಾನೆ."

ಹೇಳಿದವನಿಗೆ ಆ ತಮಾಷೆಯ ಅರ್ಥ ಇನ್ನೂ ಆಗಿರಲಿಲ್ಲ. ಸುಮೈರಾ ಚೀಲದಿಂದ ತೊಗಟೆಯ ಕಾಗದ ತೆಗೆದು ಬೆಂಚಿನ ಮೇಲೆ, ತನ್ನ ಕಾಫಿ ಲೋಟದ ಕೆಳಗೆ ಸಿಕ್ಕಿಸಿಟ್ಟಳು.

ಮಹೇಶಕುಮಾರ ಕಾಗದದ ಮೇಲೆ ಬಗ್ಗಿದ. "ಇದು ಹೇಗೆ ಬಂತು? ನಾವು ತಗೊಳ್ಳಲೇ ಇಲ್ಲ. ಅಲ್ಲೇ ಬಿಟ್ಟು ಬಂದ್ವಿ."

"ಅಂಚೆಯಲ್ಲಿ ಬಂತು. ಜಲಜಮ್ಮನ ಹೆಸರಿಗೆ."

"ಆಂಟಿ ಹೆಸರಿಗಾ?" ಎಂದ. ಅಷ್ಟೇ. ಆದರೆ ಆ ಎರಡು ಮಾತಿನ ನಡುವೆ ಅವನ ಕಣ್ಣು ಎಲ್ಲೆಲ್ಲೋ ಅಲೆದು ಬಂತು.

ಅವಳು ದನಿ ಏರಿಸದೆ ಒಂದೊಂದಾಗಿ ಇಟ್ಟಳು. ಹೆಡ್‌ಮಾಸ್ಟರು, ಪಂಚಮಿ, ಹಿಂದಿನ ರಾತ್ರಿಯ ಫೋನು. ಆಮೇಲೆ ಗೈಡಿನ ಹೇಳಿಕೆ: ಗುಹೆಗೆ ಹನ್ನೆರಡು ಲೈಫ್ ಜಾಕೆಟ್ಟು ಕೊಟ್ಟೆ, ಹನ್ನೆರಡು ವಾಪಸು ಬಂತು, ಆದ್ದರಿಂದ ಹನ್ನೆರಡು ಜನವೂ ಮೇಲೆ ಬಂದರು. ತನ್ನ ಕೆಲಸದಲ್ಲೂ ಹೊಸಬರು ಇದೇ ತಪ್ಪು ಮಾಡುತ್ತಾರೆ ಎಂದಳು. ಚೀಟಿ ಎಣಿಸಿ ಮೊಳೆ ಇದೆ ಅನ್ನುತ್ತಾರೆ. ಟೂರಿನವರು ಮಾರಾಟಕ್ಕೆ ಇಟ್ಟ ಫೋಟೋಗಳಲ್ಲಿ ಒಂದರಲ್ಲಿ, ಜಾಕೆಟ್ಟು ಒಪ್ಪಿಸುವ ಕಟ್ಟೆಯ ಮುಂದೆ ಮಹೇಶಕುಮಾರ ನಿಂತಿದ್ದಾನೆ. ಅವನ ಎರಡು ತೋಳಿಗೂ ಒಂದೊಂದು ಕಿತ್ತಳೆ ಜಾಕೆಟ್ಟು ನೇತಾಡುತ್ತಿದೆ.

"ಅಶ್ವಿನ್‌ದು ನಿನ್ನ ಕೈಗೆ ಯಾಕೆ ಬಂತಪ್ಪ?"

ದೋಣಿ ಆಚೆ ದಡದ ಒಂದು ನಿಲ್ದಾಣ ಮುಟ್ಟಿ ಬಿಟ್ಟಿತು. ಯಾರೂ ಮೇಲೆ ಬರಲಿಲ್ಲ. ಮಹೇಶಕುಮಾರ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಹೊರಬಂತು, ಮುಟ್ಟಿದರೆ ಉದುರುವ ಹಣ್ಣಿನ ಹಾಗೆ.

ತಾನು ಎಲ್ಲರಿಗಿಂತ ಮೊದಲು ಗುಹೆಯಿಂದ ಮೇಲೆ ಬಂದೆ ಎಂದ. ಕಿಂಡಿಯ ಫೋಟೋ ಮೇಲಿನಿಂದ ತೆಗೆಯಬೇಕಿತ್ತು. ಕಾಲು ಗಂಟೆ ಆದಮೇಲೆ ಸಿಂಚನಾ ಬಂದಳು, ಕೈಯಲ್ಲಿ ಅಶ್ವಿನನ ಜಾಕೆಟ್ಟು. ಅವನು ಆಗಲೇ ಬಟ್ಟೆ ಬದಲಿಸಿ ಇನ್ನೊಂದು ವ್ಯಾನು ಹತ್ತಿದ, ಗೈಡಿನ ಜೊತೆ ಹರಟುತ್ತಿದ್ದಾನೆ, ಇದನ್ನೂ ಒಪ್ಪಿಸಿಬಿಡು ಅಂದಳು. ಒಪ್ಪಿಸಿದೆ. ಎರಡು ವ್ಯಾನಿನವರಿಗೂ ಬೇರೆ ಬೇರೆ ಕಡೆ ಊಟ. ಪಟ್ಟಣದ ಬಾಗಿಲಲ್ಲೂ ಅವನು ಕಾಣಲಿಲ್ಲ. ಮುಂದೆ ಹೋಗಿದ್ದಾನೆ, ಅವನದೂ ಒಂದು ಬರೆಸು ಅಂದಳು. ತಾನು ಫೋನು ತೆಗೆದು ಪಾಸ್‌ಪೋರ್ಟು ನೋಡಿ ತೇದಿ ಬರೆದೆ. ಸಂಜೆ ಗಲಾಟೆಯಾದಾಗ, ನೀನು ನೋಡಿದೆ ಅಂತಲೇ ಹೇಳು, ಇಲ್ಲದಿದ್ದರೆ ಇಬ್ಬರನ್ನೂ ಹಿಡಿದಿಡುತ್ತಾರೆ ಎಂದು ಅತ್ತಳು.

"ಬಿಳಿ ಹ್ಯಾಟು, ಹಾಳು ಪಟ್ಟಣದ ಮೆಟ್ಟಿಲ ಹತ್ತಿರ ಅವನನ್ನ ನೋಡಿದೆ ಅಂತ ಸೈನ್ ಮಾಡ್ಬಿಟ್ಟೆ ಅಕ್ಕ. ಎಷ್ಟು ಸಲ ಹೇಳಿದೀನಿ ಅಂದ್ರೆ, ಈಗ ನಿಜವಾಗ್ಲೂ ಕಾಣ್ತಾನೆ. ಎಸ್-ಬಾನ್ ರೈಲಲ್ಲಿ, ಎಸ್ಕಲೇಟರ್ ಮೇಲೆ. ಬೆನ್ನು ಮಾತ್ರ. ತಿರುಗಲ್ಲ."

ಅವನ ಕೈ ನಡುಗುತ್ತಿತ್ತು. ಆ ನಡುಕ ನಟನೆಯಲ್ಲ ಎಂದು ಸುಮೈರಾಗೆ ಅನ್ನಿಸಿತು. ಪಾಪ, ಹೇಡಿ ಎಂದುಕೊಂಡಳು. ಹೇಡಿತನವೂ ಒಂದು ಕಾಯಿಲೆ, ಮೇಲಿನವನ ಮೆಹರ್ಬಾನಿಯಿಂದ ವಾಸಿಯಾಗುವಂಥದು. ಚೀಲದಿಂದ ಬಿಳಿ ಹಾಳೆಯನ್ನೂ ಪೆನ್ನನ್ನೂ ತೆಗೆದಳು.

"ಇಷ್ಟನ್ನೇ ಬರೆದು ಕೊಡು. ಆ ತಾಯಿ ತಟ್ಟೆ ಬೋರಲು ಹಾಕ್ಕೊಂಡು ಕೂತಿದಾಳೆ. ನಾಳೆ ಹುಡುಕೋದು ನಿಲ್ಲಿಸಿದರೆ ಅವಳಿಗೆ ಈ ಜನ್ಮದಲ್ಲಿ ಅಳೋದಕ್ಕೂ ಅಪ್ಪಣೆ ಸಿಗಲ್ಲ."

ಅವನು ಹಾಳೆ ತೆಗೆದುಕೊಂಡ. ಎರಡು ಸಾಲು ಬರೆದ. ನಿಲ್ಲಿಸಿದ. ಇನ್ನೂ ಏನೋ ಬಾಕಿ ಇದೆ ಎಂಬಂತೆ ತಲೆ ಎತ್ತಿದ.

"ಸಿಂಚನಾ ಬಗ್ಗೆ ಇನ್ನೊಂದು ಮಾತು. ಯಾರಿಗೂ ಹೇಳಿಲ್ಲ. ನಿದ್ದೆ ಬರಲ್ಲ ಅದರಿಂದ."

"ಹೇಳು."

"ಆ ಗೈಡ್ ಹೇಳಿದ್ನಲ್ಲ, ಹೋಗುವಾಗ ಹೆಸರು ಹೇಳಿ ಅಂತ. ಅವಳು ಕೊನೆ ಮೆಟ್ಟಿಲ ಮೇಲೆ ಬಗ್ಗಿ ಎರಡು ಹೆಸರು ಹೇಳಿದ್ಲು. ತನ್ನದೊಂದು. ಅವನದೊಂದು. ಬಾ ಹೋಗೋಣ, ಬಾ ಹೋಗೋಣ ಅಂತಿದ್ಲು."

ಸುಮೈರಾಳ ಬೆನ್ನ ಹುರಿಯಲ್ಲಿ ಒಂದು ತೊಟ್ಟು ತಣ್ಣೀರು ಜಾರಿದ ಹಾಗಾಯಿತು. ಹಾಗೆ ಕರೆದವಳಿಗೆ ಅವನು ನೀರಿನಲ್ಲಿದ್ದಾನೆ ಎಂದು ಗೊತ್ತಿತ್ತು.

ಆ ತೊಟ್ಟು ಬೆನ್ನಿನ ಬುಡ ಮುಟ್ಟುವ ಮೊದಲೇ ಇನ್ನೊಂದು ಬಿತ್ತು.

ನೀರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಕೊನೆಯ ಮೆಟ್ಟಿಲ ಮೇಲೆ, ಎಂಬತ್ತು ಮೆಟ್ಟಿಲು ಕೆಳಗೆ. ಎಲ್ಲರಿಗಿಂತ ಮೊದಲು ಮೇಲೆ ಬಂದು ಕಿಂಡಿಯ ಫೋಟೋ ತೆಗೆಯುತ್ತಿದ್ದವನು ಅದನ್ನು ಕೇಳಿದ್ದು ಯಾವ ಕಿವಿಯಿಂದ?

ಸುಮೈರಾ ನದಿಯ ಕಡೆ ಮುಖ ಮಾಡಿ, ಮನಸ್ಸಿನಲ್ಲೇ ಕುರಾನಿನ ರಕ್ಷಾವಾಕ್ಯ ಆಯತುಲ್ ಕುರ್ಸಿ ಓದತೊಡಗಿದಳು. ಅರ್ಧ ದಾಟಿರಲಿಲ್ಲ, ಕೋಟಿನ ಜೇಬಿನಲ್ಲಿ ಫೋನು ಅದುರಿತು. ಜಲಜಮ್ಮ. ಫೋನಿನಲ್ಲಿ ಮಧುಗಿರಿಗೆ ಕೇಳಬೇಕು ಅನ್ನುವಷ್ಟು ಗಟ್ಟಿಯಾಗಿ ಮಾತಾಡುವುದು ಅವರ ಅಭ್ಯಾಸ. ಸುಮೈರಾ ಕಿವಿಗೆ ಬಿಗಿಯಾಗಿ ಒತ್ತಿ ಹಿಡಿದಳು.

"ಸುಮೈರಾ, ಸೊಸೆ ಬಂದ್ಲು ಕಣಮ್ಮ. ಲಕೋಟೆ ನೋಡಿ ನೆಲಕ್ಕೆ ಕುಸಿದ್ಲು. ಇವತ್ತು ಅತ್ತಳು ನೋಡು, ಇಷ್ಟು ದಿನಕ್ಕೆ. ಮಹೇಶ ತಪ್ಪು ತೇದಿ ಬರೀವಾಗ ಪಕ್ಕದಲ್ಲೇ ಇದ್ದೆ ಅತ್ತೆ, ಬೇಕಂತಲೇ ತಿದ್ದಲಿಲ್ಲ, ನೀವು ನೋಡಿದ್ರೆ ತಿಳ್ಕೋತೀರಿ ಅಂತ ಚಿತ್ರದವನಿಗೆ ಅಡ್ರೆಸ್ಸು ನಾನೇ ಗುಟ್ಟಾಗಿ ಬರೆದು ಕೊಟ್ಟು ಬಂದೆ ಅಂತಾಳೆ. ನಿನ್ನ ಕೇಳಿದ್ಲು. ಮಹೇಶನ ಜೊತೆ ದೋಣೀಲಿದಾಳೆ ಅಂದೆ. ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿದ್ಲು. ಅಕ್ಕನಿಗೆ ಹೇಳಿ, ಅವನ ಜೊತೆ ಒಬ್ಬಳೇ ಇರಬೇಡ ಅಂತ ಹೇಳಿ ಅಂದ್ಲು. ಸುಮೈರಾ? ಕೇಳ್ತಿದ್ಯಾ?"

"ಕೇಳ್ತಿದೀನಿ," ಎಂದಳು ಸುಮೈರಾ. "ತಟ್ಟೆ ಹಾಗೇ ಇರಲಿ. ನಾನು ಬರ್ತೀನಿ."

ಫೋನು ಇಳಿಸಿ ತಿರುಗಿದಳು.

ಅವಳು ಕೂತಿದ್ದ ಬೆಂಚಿಗೂ ಕೆಳಗಿಳಿಯುವ ಮೆಟ್ಟಿಲಿಗೂ ನಡುವೆ ಮಹೇಶಕುಮಾರ ನಿಂತಿದ್ದ. ಯಾವಾಗ ಎದ್ದನೋ. ಅವನ ಕೈ ಈಗ ನಡುಗುತ್ತಿರಲಿಲ್ಲ. ಎರಡು ಸಾಲು ಬರೆದ ಬಿಳಿ ಹಾಳೆ ಅವನ ಕಾಲ ಬುಡದಲ್ಲಿ ಮಳೆಗೆ ನೆನೆಯುತ್ತಿತ್ತು. ಅವಳ ಕಾಫಿ ಲೋಟ ಬೆಂಚಿನ ಮೇಲೇ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಅವನು ಕಂಬಿಯಾಚೆ ತೋಳು ಚಾಚಿದ್ದ. ಎರಡು ಬೆರಳ ತುದಿಯಲ್ಲಿ ತೊಗಟೆಯ ಕಾಗದ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರೊಳಗಿನ ಮುಖ ಕೆಳಗೆ ಹರಿಯುವ ಕೆನ್ನೀರನ್ನು ನೋಡುತ್ತಿತ್ತು, ಬಾಯಿ ತೆರೆದುಕೊಂಡು, ತನ್ನ ಹೆಸರು ಹೇಳಲು ಹೊರಟಂತೆ.

"ಅಕ್ಕ," ಎಂದ, ಬಹಳ ಮೆಲ್ಲಗೆ, "ಇರೋದು ಇದೊಂದೇ ತಾನೇ?"